ಗಿಡಕ್ಕೆ ಇಟ್ಟ ಹಿಂಡಿ

ಆಗೆಲ್ಲ ನಮ್ಮೂರಿಗೆ ಬೇಸಿಗೆ ಬಂದದ್ದು ಮೂಗಿಗೇ ಮೊದಲು ಗೊತ್ತಾಗುತ್ತಿತ್ತು. ಚಳ್ಳಕೆರೆಗೆ ಹೋಗಿ ಬಂದ ಅಪ್ಪನ ಅಂಗಿಯಲ್ಲಿ ಎಣ್ಣೆ ಮಿಲ್ಲಿನ ಶೇಂಗಾ ವಾಸನೆ, ದಿನವಿಡೀ ಹಣ್ಣು ಆರಿಸುತ್ತಿದ್ದ ಅವ್ವನ ಸೆರಗಿನಲ್ಲಿ ನಿಂಬೆಯ ವಾಸನೆ, ಇಳಿಹೊತ್ತಿಗೆ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲ ಕಡೆಯಿಂದ ಧೂಳೆಬ್ಬಿಸಿಕೊಂಡು ಬರುವ ಕುರಿಗಳ ಉಣ್ಣೆ ವಾಸನೆ. ಆ ಕಾಲದಲ್ಲಿ ನಮ್ಮ ಕಡೆ ಬೆಳೆದವರ ಕಣ್ಣು ಕಟ್ಟಿ ನಿಲ್ಲಿಸಿದರೂ ಈ ಮೂರನ್ನೂ ಬೇರೆ ಬೇರೆ ಮಾಡಿ ಹೇಳಿಯಾರು. ಶಾಲೆಗೆ ರಜೆ. ಮಾರಾಟಕ್ಕೆ ಬಾರದ ನಿಂಬೆಹಣ್ಣುಗಳೇ ನಮ್ಮ ಚೆಂಡು. ಬಿಸಿಲೇರಿದರೆ ಬೇವಿನ ಮರದ ಕೆಳಗೆ ಚೌಕಾಬಾರ, ನಡುನಡುವೆ ಅವ್ವ ಕೊಡುವ ನೀರುಮಜ್ಜಿಗೆ.

ನಾನು ಹುಟ್ಟಾ ಪುಕ್ಕಲಿ. ಚೇಳಿಗೆ ಹೆದರುತ್ತಿದ್ದೆ, ಗುಡುಗಿಗೆ ಹೆದರುತ್ತಿದ್ದೆ, ನಮ್ಮ ತೋಟದ ಮೋಟ್ರು ಮನೆಯೊಳಗಿನ ಕತ್ತಲೆಗೆ ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದೆ. "ಈ ಮಂಜಿಗೆ ಅವಳ ನೆರಳೇ ಸಾಕು, ಬೇರೆ ದೆವ್ವ ಬ್ಯಾಡ" ಎಂದು ಅಜ್ಜಿ ಬಂದವರೆದುರೆಲ್ಲ ನಗುತ್ತಿದ್ದಳು. ಅಜ್ಜಿ ಮೊಳಕಾಲ್ಮೂರು ಕಡೆಯ ಹೆಣ್ಣು. ಮಾಮೂಲಾಗಿ ನಮ್ಮಂತೆಯೇ ಮಾತಾಡುವವಳು, ಸಿಟ್ಟು ಬಂದರೆ ತೆಲುಗಿಗೆ ಹಾರುತ್ತಿದ್ದಳು. ನಮ್ಮ ಮನೆಯಲ್ಲಿ ಯಾವುದಕ್ಕೂ ಹೆದರದವರು ಇಬ್ಬರು: ಅಜ್ಜಿ ಮತ್ತು ಅಪ್ಪ. ಅದರಲ್ಲಿ ಅಪ್ಪನ ವಿಷಯ ಆ ಬೇಸಿಗೆಯವರೆಗೆ ಮಾತ್ರ ನಿಜ.

ನಮ್ಮದು ನಿಂಬೆ ತೋಟ. ಆ ವರ್ಷ ಗಿಡಗಳ ಎಲೆ ಹಳದಿಗೆ ತಿರುಗಿ, ಕಾಯಿ ಗೋಲಿಯಷ್ಟಾಗುವ ಹೊತ್ತಿಗೇ ಉದುರತೊಡಗಿತ್ತು. ಗೊಬ್ಬರ ಸಾಲದು ಎನ್ನುವುದರಲ್ಲಿ ಅಪ್ಪನಿಗೂ ಅಜ್ಜಿಗೂ ಜಗಳವಿರಲಿಲ್ಲ. ಯಾವ ಗೊಬ್ಬರ ಎನ್ನುವುದರಲ್ಲಿ ಮೂರು ಹೊತ್ತೂ ಜಗಳ.

"ಚಿತ್ತಯ್ಯನ ಮಂದೆ ಕರ್ಸಿ ಕುರಿ ತರುಬ್ಸು. ಮಣ್ಣು ತಾನೇ ಎದ್ದು ಕುಂತ್ಕಂತೈತೆ" ಎಂದು ಅಜ್ಜಿ. ಕುರಿ ತರುಬುವುದು ಎಂದರೆ ನಮ್ಮ ಕಡೆ ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಮಂದೆಯನ್ನು ನಿಲ್ಲಿಸುವುದು. ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ಎರಡೂ ಮಣ್ಣಿಗೆ ಬಿದ್ದಿರುತ್ತವೆ.

"ಕುರಿ ಹಿಕ್ಕೆ ಗಿಡಕ್ಕೆ ಹತ್ತೋದು ಮುಂದಿನ ವರ್ಷಕ್ಕೆ ಕಣವ್ವ. ಅಲ್ಲೀಗಂಟ ಗಿಡ ಉಳಿಬೇಕಲ್ಲ? ಯೂರಿಯಾ ಹಾಕಿದ್ರೆ ವಾರದಾಗೆ ಹಸಿರಾಗ್ತೈತೆ" ಎಂದು ಅಪ್ಪ.

"ಆಗ್ತೈತೆ, ಆಗ್ತೈತೆ. ಸಾರಾಯಿ ಕುಡ್ದೋನ ಮುಖಾನೂ ಕೆಂಪಗಾಗ್ತೈತೆ."

ಹೀಗಿರುವಾಗ ತೋಟಗಾರಿಕೆಯ ಸಾಹೇಬರೊಬ್ಬರು ಊರ ಶಾಲೆಯಲ್ಲಿ ಸಭೆ ಮಾಡಿದರು. ಅಪ್ಪ ಗೆದ್ದವನ ಮುಖ ಹೊತ್ತು ಮನೆಗೆ ಬಂದ. ಎರಡೂ ಬೇಕಂತೆ. ಬರೀ ಯೂರಿಯಾದಂಥ ಸರ್ಕಾರಿ ಗೊಬ್ಬರ ಸುರಿದರೆ ಮಣ್ಣು ಸತ್ತುಹೋಗುತ್ತದಂತೆ, ಬರೀ ತಿಪ್ಪೆ ಗೊಬ್ಬರವಾದರೆ ಗಿಡದ ಹಸಿವು ತೀರುವುದಿಲ್ಲವಂತೆ. ಯೂರಿಯಾಕ್ಕೆ ಬೇವಿನ ಹಿಂಡಿ ಬೆರೆಸಿ ಪಾತಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿದರೆ ಸಾರ ನಿಧಾನಕ್ಕೆ ಇಳಿಯುತ್ತದಂತೆ. ಇಬ್ಬರೂ ಗೆದ್ದ ಜಗಳ ನಮ್ಮ ಮನೆಯಲ್ಲಿ ಅದೊಂದೇ. ಅಜ್ಜಿ ನಾಯಕನಹಟ್ಟಿ ಸಂತೆಯಲ್ಲಿ ಕುರಿಗಾಹಿ ಚಿತ್ತಯ್ಯನನ್ನು, ನಮಗೆಲ್ಲ ಅವನು ಚಿತ್ತಜ್ಜ, ಹುಡುಕಿ ಮಂದೆಗೆ ಹೇಳಿ ಬಂದಳು. ಅಪ್ಪ ಹಿಂಡಿ ತರಲು ಚಳ್ಳಕೆರೆಗೆ ಹೋದ.

ಬೇವಿನ ಹಿಂಡಿ ಅವತ್ತು ಸಿಗಲಿಲ್ಲ. ಚಳ್ಳಕೆರೆಯಲ್ಲಿ ಶೇಂಗಾ ಹಿಂಡಿಗೆ ಬರವೇ? ಗೋದಾಮಿನಲ್ಲಿ ನೆನೆದು ಮುಗ್ಗಲು ಹಿಡಿದಿದ್ದ ಶೇಂಗಾ ಹಿಂಡಿಯನ್ನು ಮಿಲ್ಲಿನವರು ಎತ್ತಿಕೊಂಡು ಹೋದರೆ ಸಾಕು ಎಂದು ಕೊಟ್ಟರು. "ಹಿಂಡಿ ಹಿಂಡೀನೇ. ಗಿಡಕ್ಕೇನು ನಾಲಗೆ ಐತಾ?" ಎಂದು ಅಪ್ಪ ಚೀಲ ಇಳಿಸಿದ. ಯಾರೂ ಎದುರಾಡಲಿಲ್ಲ. ಗಿಡಕ್ಕೆ ನಾಲಗೆ ಇಲ್ಲ ಎನ್ನುವುದು ಸರಿಯಾಗಿಯೇ ಇತ್ತು.

ಬೆಳಗ್ಗೆ ಬೇಗನೆ ತಾಡಪಾಲು ಹಾಸಿ ಅಪ್ಪ ಹಿಂಡಿ ಒಡೆದು ನೀರು ಚಿಮುಕಿಸಿದ, ಯೂರಿಯಾ ಸುರಿದ. ಬಿಳಿ ಹರಳು ಕರಗಿ ಹಿಂಡಿಯೊಳಗೆ ಸೇರಿಕೊಂಡಿತು. ಕಲಸಿದ್ದನ್ನು ಬುಟ್ಟಿಯಲ್ಲಿ ಒಯ್ದು ಗಿಡದ ಸುತ್ತ ಹಾಕುತ್ತಾ ಹೋದ. ಬಿಸಿಲು ನೆತ್ತಿಗೇರುವಷ್ಟರಲ್ಲಿ ಹಿಂದಿನ ಎರಡು ಸಾಲಿನ ಪಾತಿಗಳಿಗೆ ಮಣ್ಣು ಮುಚ್ಚುವುದು ಉಳಿಯಿತು, ತಾಡಪಾಲಿನ ಮೇಲೆ ಒಂದಿಷ್ಟು ಗುಡ್ಡೆಯೂ ಉಳಿಯಿತು. ಸಂಜೆ ತಂಪಿಗೆ ಮಾಡಿದರಾಯಿತು ಎಂದು ಅಪ್ಪ ಊಟಕ್ಕೆ ಬಂದ. ಮುದ್ದೆ, ಶೇಂಗಾ ಚಟ್ನಿ ಉಂಡು ಸ್ವಲ್ಪ ಅಡ್ಡಾದ. ಆಮೇಲೆ ಕರೆಂಟು ಬಂತೆಂದು ಮೋಟ್ರು ಹಾಕಲು ಹೋದ.

ಚಿತ್ತಜ್ಜ ಬರಬೇಕಿದ್ದದ್ದು ಮಾರನೇ ದಿನ. ಕಾವಲಿನ ಗುಂಡಿಯಲ್ಲಿ ನೀರು ಬತ್ತಿದ್ದಕ್ಕೆ ಅಂದೇ ಇಳಿಹೊತ್ತಿಗೆ ಮಂದೆ ಹೊಡೆದುಕೊಂಡು ತೋಟದ ಹಿಂದಿನ ದಾರಿಯಿಂದ ಬಂದುಬಿಟ್ಟಿದ್ದ. ಅವನು ನನ್ನ ಅಜ್ಜಿಯಷ್ಟೇ ವಯಸ್ಸಿನವನು. ಕಂಬಳಿ, ಕೋಲು, ಹೆಗಲ ಜೋಳಿಗೆಯಲ್ಲಿ ಹೊಸದಾಗಿ ಹುಟ್ಟಿದ ಮರಿ. ಪ್ರತಿ ವರ್ಷ ಬಂದಾಗಲೂ ನನ್ನ ಕೈಗೆ ಒಂದು ಮರಿ ಕೊಟ್ಟು "ಹೆಸರಿಡು ಮಗಾ" ಎನ್ನುತ್ತಿದ್ದ. ಅವನಿಗೆ ಹೊಲವಿಲ್ಲ, ಮನೆ ಎನ್ನುವಂಥ ಮನೆಯಿಲ್ಲ. ಆ ಮಂದೆಯೇ ಎಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮಂದೆ ಕರೆಸಿದ ಮನೆಯವರು ಮೊದಲ ದಿನ ಕುರಿಗಳಿಗೆ ಬುಟ್ಟಿಯಷ್ಟು ಶೇಂಗಾ ಹಿಂಡಿ ನೆನೆಸಿ ಇಡುತ್ತಿದ್ದರು. ಮನೆಗೆ ಬಂದ ನೆಂಟರಿಗೆ ಬೆಲ್ಲ ನೀರು ಕೊಟ್ಟ ಹಾಗೆ. ಅಜ್ಜಿ ಯಾವ ವರ್ಷವೂ ತಪ್ಪಿಸಿರಲಿಲ್ಲ.

ಅಜ್ಜಿ, ಅವ್ವ, ನಾನು ಬೇವಿನ ಮರದ ಕೆಳಗೆ ಮಾರನೇ ದಿನದ ಮಾರುಕಟ್ಟೆಗೆ ಹಣ್ಣು ಆರಿಸುತ್ತಿದ್ದೆವು. ತೋಟದ ಹಿಂದಿನಿಂದ ಚಿತ್ತಜ್ಜನ ದನಿ ಕೇಳಿತು, ತುಂಬಿದ ದನಿ.

"ಏನವ್ವಾ, ಈ ಸಲ ಬುಟ್ಟಿ ಅಲ್ಲ, ರಾಶೀನೇ ಹಾಕಿದೀಯಲ್ಲ! ನನ್ನ ಕುರಿ ಹಸ್ಕಂಡು ಬಂದಿದ್ವು. ಒಳ್ಳೇದಾಗ್ಲಿ ಕಣವ್ವಾ, ನಿಮ್ಮ ಗಿಡ ಹಣ್ಣಿನ ಭಾರಕ್ಕೆ ಬಾಗ್ಲಿ!"

ಅಜ್ಜಿ ನಗುತ್ತಾ ತಲೆಯೆತ್ತಿದಳು. ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಮೋಟ್ರು ಮನೆಯಿಂದ ಅಪ್ಪ ಓಡಿ ಬಂದ. ಉಟ್ಟ ಪಂಚೆ ಜಾರಿ ಕಾಲಿಗೆ ತೊಡರುತ್ತಿದ್ದರೂ ಅವನಿಗೆ ಪರಿವೆಯಿಲ್ಲ. ಅಪ್ಪ ಓಡುವುದನ್ನೇ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಓಡ್ಸಜ್ಜಾ! ಓಡ್ಸು! ಬಾಯಿ ಹಾಕ್ಸಬ್ಯಾಡ!"

ಚಿತ್ತಜ್ಜ ಕೋಲು ಹಿಡಿದು ನಿಂತೇ ಇದ್ದ. ಅವನ ಮುಖ ಸಣ್ಣದಾಯಿತು. "ಇಟ್ಟೋರು ನೀವೇ. ಈಗ ಓಡ್ಸು ಅಂತೀಯಲ್ಲ ತಿಪ್ಪೇಶಿ?"

"ಅದ್ರಾಗೆ ಯೂರಿಯಾ ಐತೆ ಅಜ್ಜಾ!"

ಎಲ್ಲರೂ ಸೇರಿ ಓಡಿಸಿದೆವು. ಹಸಿದ ಕುರಿಯನ್ನು ಹಿಂಡಿಯ ಮುಂದಿನಿಂದ ಎಬ್ಬಿಸುವುದು ಸುಲಭವಲ್ಲ. ಒಂದನ್ನು ಎಳೆದರೆ ಇನ್ನೊಂದು ನುಗ್ಗುತ್ತಿತ್ತು. ಕೊನೆಗೆ ಮಂದೆಯನ್ನೆಲ್ಲ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದಾಗ ತಾಡಪಾಲಿನ ಮೇಲೆ ಬರೀ ಒದ್ದೆಯ ಗುರುತಿತ್ತು.

ಆಮೇಲೆ ಏನೂ ಆಗಲಿಲ್ಲ. ಆ ಏನೂ ಆಗದ ಹೊತ್ತು ಇದೆಯಲ್ಲ, ಅದರಷ್ಟು ಭಯ ನನಗೆ ಈವರೆಗೆ ಮತ್ತೆ ಆಗಿಲ್ಲ. ಕುರಿಗಳು ಮಾಮೂಲಿನಂತೆ ನಿಂತಿದ್ದವು. ಒಂದು ಬಾಲ ಅಲ್ಲಾಡಿಸಿತು, ಒಂದು ಕೆಮ್ಮಿತು. ಯಾವುದು ತಿಂದಿದೆ, ಯಾವುದು ತಿಂದಿಲ್ಲ ಎಂದು ನೋಡಿದರೆ ತಿಳಿಯದು. ದೊಡ್ಡವರು ಕುರಿಗಳ ಮುಖ ನೋಡುತ್ತಿದ್ದರು, ನಾನು ದೊಡ್ಡವರ ಮುಖ ನೋಡುತ್ತಿದ್ದೆ. ಅಪ್ಪನ ತುಟಿ ಒಣಗಿ ಬೆಳ್ಳಗಾಗಿತ್ತು. "ಏನೂ ಆಗಾಕಿಲ್ಲ ಬಿಡು" ಎಂದು ಅವ್ವ ಮೆಲ್ಲಗೆ ಅಂದಳು. ಅವಳ ಕೈ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ನನಗೆ ನೋಯುತ್ತಿತ್ತು.

ಮುಂದಿದ್ದ ತಾಯಿಕುರಿಯೊಂದು ಹಲ್ಲು ಕಡಿಯತೊಡಗಿತು. ಕರಕರ ಎಂಬ ಸದ್ದು. ನಂತರ ಅದರ ಕಿವಿ ನಡುಗಿತು, ತೊಡೆ ನಡುಗಿತು, ಎಡಹೊಟ್ಟೆ ಕಣ್ಣೆದುರೇ ಉಬ್ಬುತ್ತಾ ಬಂತು. ಬಾಯಲ್ಲಿ ನೊರೆ. ಅದು ಬೀಳುವ ಮೊದಲೇ ಪಕ್ಕದ್ದು ನಡುಗಲು ಶುರುಮಾಡಿತ್ತು.

ಅಪ್ಪನ ಹತ್ತಿರ ಆಗ ಹೊಸದಾಗಿ ಬಂದ ಗುಂಡಿ ಒತ್ತುವ ಮೊಬೈಲು. ಅದಕ್ಕೆ ಸಿಗ್ನಲ್ಲು ಸಿಗುತ್ತಿದ್ದದ್ದು ಮೋಟ್ರು ಮನೆಯ ಮಾಳಿಗೆಯ ಮೇಲೆ ಮಾತ್ರ. ಗೋಡೆ ಹತ್ತಿ ನಿಂತು ದನದ ಡಾಕ್ಟರಿಗೆ ಕೂಗಿ ಕೂಗಿ ಹೇಳಿದ. ಅವನ ದನಿ ಹೆಂಗಸರ ದನಿಯಂತೆ ಕೀರಲಾಗಿತ್ತು.

"ಏನು ಸಾರ್? ವಿನೆಗರ್ರಾ? ನಮ್ಮನೇಲಿ ಎಲ್ಲೈತೆ ಸಾರ್ ಅದು... ಹುಳೀನಾ? ಯಾವ ಹುಳಿ ಸಾರ್? ಹಲೋ? ಯಾವ್ದಾದ್ರೂ ಹುಳಿ? ತಣ್ಣೀರು? ಹಲೋ?"

ಅಲ್ಲಿಗೆ ಕಟ್ಟಾಯಿತು. ಅಪ್ಪ ಮೇಲಿಂದಲೇ ಕೆಳಗೆ ನೋಡಿದ. ಅವನ ಕಣ್ಣಿಗೆ ಬಿದ್ದದ್ದು ನಾವು ಬೆಳಗಿನಿಂದ ಆರಿಸಿ ರಾಶಿ ಹಾಕಿದ್ದ ನಿಂಬೆಹಣ್ಣು.

"ಹಿಂಡ್ರೇ! ಎಲ್ಲಾ ಹಿಂಡ್ರಿ! ಒಂದು ಹಣ್ಣೂ ಬಿಡಬ್ಯಾಡ್ರಿ!"

ಅಜ್ಜಿ ಈಳಿಗೆಮಣೆ ಎಳೆದುಕೊಂಡು ಕೂತಳು. ಅವಳು ಹೋಳು ಮಾಡಿದ್ದನ್ನು ಅವ್ವ ಕೊಳಗಕ್ಕೆ ಹಿಂಡಿದಳು. ಕೂಗು ಕೇಳಿ ಪಕ್ಕದ ಹೊಲದವರು ಓಡಿ ಬಂದರು. ಕತ್ತಿ ಸಿಗದವರು ಹಲ್ಲಿನಲ್ಲೇ ಕಚ್ಚಿ ಹಿಂಡಿದರು. ನಿಂಬೆ ಮುಳ್ಳು ತರಚಿದ ಕೈಗಳಿಗೆ ರಸ ತಾಗಿ ಉರಿ ಹತ್ತಿದರೂ ಯಾರೂ ಹಾ ಎನ್ನಲಿಲ್ಲ. ಬೋರ್‌ವೆಲ್ಲಿನ ತಣ್ಣೀರಿಗೆ ರಸ ಬೆರೆಸಿ, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ಅಪ್ಪ ಒಂದು ಕಡೆ, ಚಿತ್ತಜ್ಜ ಒಂದು ಕಡೆ ಕುರಿಗಳ ಬಾಯಿಗೆ ಹೊಯ್ಯುತ್ತಾ ಹೋದರು. ಅಜ್ಜಿ ಹೋಳು ಮಾಡುತ್ತಲೇ "ದೇವುಡಾ, ಏಮಿ ಚೇಸ್ತಿವಿರಾ ಇದಿ" ಎಂದು ಅಳುತ್ತಿದ್ದಳು. ದೇವರೇ, ಇದೇನು ಮಾಡಿದೆಯೋ ಎಂದು. ಅವಳು ಸಿಟ್ಟಿಲ್ಲದೆ ತೆಲುಗು ಆಡಿದ್ದನ್ನು ಅಂದೇ ಕೇಳಿದ್ದು.

ಮರಿಗಳು ಹಿಂಡಿ ತಿಂದಿರಲಿಲ್ಲ, ಅವಿನ್ನೂ ಹಾಲು ಕುಡಿಯುವ ಮರಿಗಳು. ಬಿದ್ದ ತಾಯಂದಿರ ಕೆಚ್ಚಲಿಗೆ ಬಾಯಿ ಹಾಕಲು ನುಗ್ಗುತ್ತಿದ್ದವು. ಚಿತ್ತಜ್ಜ ನನ್ನ ಕಡೆ ತಿರುಗಿ ಕೂಗಿದ: "ಮರಿ ತಗಂಡೋಗು ಮಗಾ! ಆ ಹಾಲು ಕುಡೀಬಾರ್ದು!"

ತೆಗೆದುಕೊಂಡು ಹೋಗಲು ಇದ್ದದ್ದು ಒಂದೇ ಜಾಗ, ಮೋಟ್ರು ಮನೆ. ಅವ್ವ ಮರಿಗಳನ್ನು ಒಳಗೆ ದಬ್ಬಿ, ನನ್ನನ್ನೂ ದಬ್ಬಿ, ಹೊರಗಿಂದ ಚಿಲಕ ಹಾಕಿದಳು.

ಒಳಗೆ ಮೋಟ್ರಿನ ಸದ್ದು, ಗ್ರೀಸಿನ ವಾಸನೆ, ಒದ್ದೆ ನೆಲ, ಕತ್ತಲೆ. ಮರಿಗಳು ನನ್ನ ಲಂಗ ಜಗ್ಗುತ್ತಿದ್ದವು, ಬೆರಳು ಚೀಪುತ್ತಿದ್ದವು. ಬಿಸಿ ಬಾಯಿ, ಹಲ್ಲಿಲ್ಲದ ಒಸಡು. ಒಂದು ಮರಿ ಬ್ಯಾ ಎಂದರೆ ಹೊರಗಿನಿಂದ ಅದರ ತಾಯಿ ಬ್ಯಾ ಎನ್ನುತ್ತಿತ್ತು. ಮಂದೆ ನೋಡಿದವರಿಗೆ ಗೊತ್ತು, ಎಷ್ಟೇ ಕುರಿಗಳಿದ್ದರೂ ಪ್ರತಿ ತಾಯಿಯೂ ತನ್ನ ಮರಿಯ ಕೂಗಿಗೆ ಮಾತ್ರ ಓಗೊಡುತ್ತದೆ. ಗೋಡೆಯ ಈಚೆಯಿಂದ ಕೂಗು, ಆಚೆಯಿಂದ ಓ. ನಾನು ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಮರಿಗೆ ಓ ಬರಲಿಲ್ಲ. ಅದು ಮತ್ತೆ ಕೂಗಿತು. ಮತ್ತೂ ಕೂಗಿತು. ನನಗೆ ಅರ್ಥವಾಯಿತು, ಅದಕ್ಕೆ ಆಗಲಿಲ್ಲ. ಕೂಗಬೇಡ ಎಂದು ಅದರ ಬಾಯಿ ಮುಚ್ಚಿ ಹಿಡಿದೆ. ಆಗ ಕರೆಂಟು ಹೋಗಿ ಮೋಟ್ರು ನಿಂತಿತು. ಇದ್ದಕ್ಕಿದ್ದಂತೆ ಎಲ್ಲ ಸ್ಪಷ್ಟವಾಗಿ ಕೇಳತೊಡಗಿತು. ಹೊರಗಿನ ಓ ಕಡಿಮೆಯಾಗಿತ್ತು, ಒಳಗಿನ ಕೂಗು ಅಷ್ಟೇ ಇತ್ತು. ಕತ್ತಲೆಗೆ ಹೆದರುವ ನಾನು ಕತ್ತಲೆಯನ್ನು ಮರೆತುಬಿಟ್ಟಿದ್ದೆ. ಯಾರೂ ಬಂದು ಬಾಗಿಲು ತೆಗೆಯದಿರಲಿ, ನಾನು ಹೊರಗೆ ನೋಡುವಂತಾಗದಿರಲಿ ಎಂದು ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ.

ಬಾಗಿಲು ತೆಗೆದವರು ಡಾಕ್ಟರು. ಹೊತ್ತು ಮುಳುಗುವ ಮುಂಚೆ ಮೋಟರ್ ಸೈಕಲ್ಲಿನಲ್ಲಿ ಬಂದಿದ್ದರು. ಕೊಳವೆ ಇಳಿಸಿ ಹೊಟ್ಟೆಯ ಗಾಳಿ ತೆಗೆದು, ಸೂಜಿ ಚುಚ್ಚಿ, ಉಳಿಯುವುದನ್ನು ಉಳಿಸಿದ್ದರು. "ನಿಂಬೆಹಣ್ಣು ಇಲ್ದಿದ್ರೆ ಇಷ್ಟೂ ಉಳೀತಿರಲಿಲ್ಲ" ಎಂದು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ. ಮಂದೆಯಲ್ಲಿ ಹೆಚ್ಚಿನವು ಎದ್ದು ನಿಂತಿದ್ದವು. ಗುಡ್ಡೆಗೆ ಮೊದಲು ನುಗ್ಗಿದವು, ಅಂದರೆ ಮಂದೆಗೆ ದಾರಿ ತೋರಿಸುವ ಗಟ್ಟಿ ಕುರಿಗಳು, ಸಾಲಾಗಿ ಮಲಗಿದ್ದವು. ಅವುಗಳ ಬಾಯಿಯ ಸುತ್ತ ನೊರೆ, ನಿಂಬೆ ಬೀಜ. ಇಡೀ ಅಂಗಳ ನಿಂಬೆಯ ವಾಸನೆಯಿಂದ ಗಮ್ಮೆನ್ನುತ್ತಿತ್ತು. ನನಗೆ ವಾಂತಿಯಾಯಿತು.

ಚಿತ್ತಜ್ಜ ಸತ್ತ ಕುರಿಯೊಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಪ್ಪ ಅವನ ಮುಂದೆ ಹೋಗಿ ಮಣ್ಣಿನಲ್ಲೇ ಕೂತ. ಚಿತ್ತಜ್ಜ ಹೊಡೆಯುತ್ತಾನೆ ಎಂದುಕೊಂಡೆ. ಇಲ್ಲವೇ ಮಣ್ಣು ತೂರಿ ಶಾಪ ಹಾಕುತ್ತಾನೆ, ನಮ್ಮ ಮನೆ ಇವತ್ತಿಗೆ ಮುಗಿಯಿತು ಎಂದುಕೊಂಡು ಅವ್ವನ ಹಿಂದೆ ಅವಿತೆ.

"ಗಿಡಕ್ಕೆ ಹಾಕಿದ್ದು ಯೂರಿಯಾ ಅಲ್ವಾ?" ಎಂದು ಚಿತ್ತಜ್ಜ ಕೇಳಿದ.

"ಊಂ ಅಜ್ಜ."

"ಮತ್ತೆ ಹಿಂಡಿ?"

"ಅದೂ ಗಿಡಕ್ಕೇ ಅಜ್ಜ. ಎರಡೂ ಸೇರ್ಸಿದ್ದೆ."

ಚಿತ್ತಜ್ಜ ಕುರಿಯ ಕಿವಿ ಸವರಿದ. "ನಾನು ನನ್ನ ಕುರಿಗೆ ಅಂದ್ಕಂಡೆ ಕಣಪ್ಪಾ" ಎಂದ. ಅಷ್ಟೇ. ಅಪ್ಪ ಜೋರಾಗಿ ಅತ್ತುಬಿಟ್ಟ. ಚಿತ್ತಜ್ಜ ಬೈದಿದ್ದರೆ ನಾವು ಮನೆಯವರೆಲ್ಲ ಇನ್ನಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆವೇನೋ.

ವಿಷ ತಿಂದ ಕುರಿ, ಮಾರುವಂತಿಲ್ಲ, ಉಣ್ಣುವಂತಿಲ್ಲ. ಗಿಡಗಳ ಸಾಲಿನ ನಡುವೆಯೇ ಗುಂಡಿ ತೋಡಿ ಹೂತರು. ಊರ ಹಿರಿಯರು ಕೂತು ಸತ್ತ ಕುರಿಗಳ ಪರಿಹಾರವನ್ನು ಇಬ್ಬರಿಗೂ ಒಪ್ಪುವಂತೆ ಬಗೆಹರಿಸಿದರು. ತಾಯಿ ಸತ್ತ ಮರಿಗಳಿಗೆ ಅವ್ವ ಬಟ್ಟೆಯ ಬತ್ತಿಯಲ್ಲಿ ಆಕಳ ಹಾಲು ಕುಡಿಸಿದಳು. ಮುಂದಿನ ವರ್ಷ ಆ ಸಾಲಿನ ಗಿಡಗಳು ಉಳಿದ ಗಿಡಗಳಿಗಿಂತ ಮೊದಲು ಕಪ್ಪು ಹಸಿರಿಗೆ ತಿರುಗಿ, ಕೈಗೆಟಕುವ ಕೊಂಬೆಯಲ್ಲೆಲ್ಲ ಕೋಳಿಮೊಟ್ಟೆಯಂಥ ಹಣ್ಣು ಬಿಟ್ಟವು. ನೋಡಿದವರೆಲ್ಲ ಏನು ಗೊಬ್ಬರ ಹಾಕಿದಿರಿ ಎಂದು ಕೇಳಿದರು. ಅಜ್ಜಿ ಆ ಹಣ್ಣನ್ನು ಉಪ್ಪಿನಕಾಯಿಗೆ ಹಾಕಲು ಬಿಡಲಿಲ್ಲ. ನಾನಂತೂ ಆ ಸಾಲಿಗೆ ಕಾಲಿಡುತ್ತಲೇ ಇರಲಿಲ್ಲ. ಬೇರು ಎಲ್ಲಿಯವರೆಗೆ ಇಳಿದು ಏನನ್ನು ಮುಟ್ಟಿದೆಯೋ ಎಂದು ಹೆದರಿಕೆ.

ಚಿತ್ತಜ್ಜ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆವು. ಬೇಸಿಗೆಗೆ ಬಂದ. ಮಂದೆಯನ್ನು ದಾರಿಯಲ್ಲೇ ನಿಲ್ಲಿಸಿ ಒಬ್ಬನೇ ತೋಟದೊಳಗೆ ಬಂದು, ಗಿಡಗಳ ಪಾತಿಯ ಹತ್ತಿರ ಅಲ್ಲಲ್ಲಿ ಬಗ್ಗಿ, ಒಂದೊಂದು ಚಿಟಿಕೆ ಮಣ್ಣು ತೆಗೆದು ನಾಲಗೆಯ ಮೇಲಿಟ್ಟು ನೋಡಿದ. ಅಪ್ಪ ತಲೆ ತಗ್ಗಿಸಿಕೊಂಡು ಅವನ ಹಿಂದೆ ಹಿಂದೆಯೇ ನಡೆದ. ಯಾಕೆ ಮಣ್ಣು ತಿನ್ನುತ್ತೀಯಾ ಎಂದು ನಾನು ಕೇಳಿದ್ದಕ್ಕೆ, "ಯೂರಿಯಾ ಇದ್ರೆ ನಾಲಗೆ ತಣ್ಣಗಾಗ್ತೈತೆ ಮಗಾ. ಆಗ ಕುರಿ ಬಿಡಬಾರ್ದು" ಎಂದ. ಕೊನೆಗೆ ಉಗುಳಿ, ಮಂದೆಗೆ ಸನ್ನೆ ಮಾಡಿದ. ಆಮೇಲೂ ಹಲವು ಬೇಸಿಗೆ ಹೀಗೇ ನಡೆಯಿತು. ಅವನು ಬರುವ ತಿಂಗಳಿಗೆ ಬಹಳ ಮುಂಚೆಯೇ ಅಪ್ಪ ಯೂರಿಯಾ ಚೀಲ ಮುಟ್ಟುವುದನ್ನು ನಿಲ್ಲಿಸುತ್ತಿದ್ದ. ಒಬ್ಬ ಮುದುಕನ ನಾಲಗೆಗೆ ಹೆದರಿ ನಮ್ಮ ಮನೆಯಲ್ಲಿ ಗೊಬ್ಬರದ ಲೆಕ್ಕ ಸರಿಯಾಗಿತ್ತು. ಹಿಕ್ಕೆಗೊಂದು ಕಾಲ, ಚೀಲಕ್ಕೊಂದು ಕಾಲ.

ಕುದಾಪುರದ ಕಡೆ ದೊಡ್ಡ ದೊಡ್ಡ ಸಂಸ್ಥೆಗಳು ಬಂದವು, ಕಾವಲಿಗೆ ಗೋಡೆ ಎದ್ದಿತು. ಮಂದೆಗಳು ನಡೆಯುತ್ತಿದ್ದ ದಾರಿ ಗೋಡೆಯ ಬುಡಕ್ಕೆ ಹೋಗಿ ನಿಂತಿತು. ಚಿತ್ತಜ್ಜ ಕುರಿಗಳನ್ನು ಕೊಟ್ಟುಬಿಟ್ಟ, ಒಂದೆರಡು ವರ್ಷದಲ್ಲಿ ತೀರಿಕೊಂಡ. ಅಜ್ಜಿಯೂ ಹೋದಳು. ಈಗ ತೋಟ ನಾನೇ ನೋಡಿಕೊಳ್ಳುತ್ತೇನೆ, ಅಪ್ಪ ಜೊತೆಗಿರುತ್ತಾನೆ. ಕುರಿ ಗೊಬ್ಬರ ಲಾರಿಯಲ್ಲಿ ಬರುತ್ತದೆ, ಎಲ್ಲಿಯ ಕುರಿ, ಯಾರ ಮಂದೆ ಎಂದು ಲಾರಿಯವನಿಗೂ ಗೊತ್ತಿಲ್ಲ. ಸರ್ಕಾರಿ ಗೊಬ್ಬರ ನೀರಿನಲ್ಲಿ ಕರಗಿ ಹನಿ ಪೈಪಿನೊಳಗೇ ಹರಿದುಹೋಗುತ್ತದೆ. ಎರಡನ್ನೂ ಬೇಕಾದ ಹೊತ್ತಿನಲ್ಲಿ ಕೊಡುತ್ತೇವೆ. ಹೆದರುವ ಕಾರಣವಿಲ್ಲ. ಮೊದಮೊದಲು ಇದನ್ನು ನಾನು ಅನುಕೂಲ ಎಂದೇ ಅಂದುಕೊಂಡಿದ್ದೆ.

ಮೊನ್ನೆ ಸಂಜೆ ಒಬ್ಬಳೇ ಇದ್ದಾಗ, ಯಾಕೋ, ಪಾತಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಯ ಮೇಲಿಟ್ಟುಕೊಂಡೆ. ತಣ್ಣಗಾಯಿತು. ತಿರುಗಿ ಹಿಂದಿನ ದಾರಿಯ ಕಡೆ ನೋಡಿದೆ. ಮಂದೆ ಬಿಡಬೇಡ ಎಂದು ಕೂಗಿ ಹೇಳೋಣವೆಂದರೆ ಅಲ್ಲಿ ಒಂದು ಕುರಿಯೂ ಇರಲಿಲ್ಲ.